ಶಾಸನನಿಧಿಯ ಶೋಧಕ ಬಿ. ಎಲ್. ರೈಸ್

ನೆಲದೊಳಗೆ ನಿಧಿಯುಂಟೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಬಾವಿ ತೋಡುವಾಗಲೋ, ಪಾಳುಗೋಡೆಯನ್ನು ಕೆಡವುವಾಗಲೋ, ಹೊಸ ಮನೆಗೆ ಅಡಿಪಾಯ ತೆಗೆಯುವಾಗಲೋ ಹಾರೆಗೆ ಏನಾದರೂ ತಗುಲಿ ಸದ್ದಾದರೆ, ಅಲ್ಲಿದ್ದವರೆಲ್ಲರ ಮನಸ್ಸು ಹೊನ್ನಿನ ಕೊಪ್ಪರಿಗೆಯ ಕಡೆಗೆ ಓಡುತ್ತದೆ. ಅಕ್ಷರ ಕೆತ್ತಿದ ಕಲ್ಲು ಕಂಡರಂತೂ ಅದು ನಿಧಿಯ ಗುರುತೇ ಸರಿಯೆಂದು ಬಗೆದು ಅದರ ಬುಡವನ್ನು ಅಗೆದವರು ಅನೇಕರು. ಹೊನ್ನು ದೊರೆಯದಿದ್ದಾಗ ಕಲ್ಲು ಮುರಿದು ಮೂಲೆ ಸೇರಿತು. ನಿಧಿಯು ಕಲ್ಲಿನ ಅಡಿಯಲ್ಲಿಲ್ಲ, ಕಲ್ಲೇ ನಿಧಿ ಎಂಬ ತಿಳಿವಳಿಕೆ ನಮ್ಮಲ್ಲಿ ಮೂಡುವುದಕ್ಕೆ ಬಹುಕಾಲ ಹಿಡಿಯಿತು. ಆ ತಿಳಿವಳಿಕೆಯನ್ನು ಮೂಡಿಸಿದವರಲ್ಲಿ ಮೊದಲಿಗರಾಗಿ ನಿಲ್ಲುವವರು ಬೆಂಜಮಿನ್ ಲೂಯಿ ರೈಸ್.

ರೈಸರು ಹೊರಗಿನಿಂದ ಬಂದ ಅತಿಥಿಯಲ್ಲ, ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರ ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಈ ಊರಿಗೆ ಬಂದು, ಕನ್ನಡವನ್ನು ಚೆನ್ನಾಗಿ ಕಲಿತು, ಪೇಟೆಯ ಜನರ ನಡುವೆ ಬಾಳಿದವರು. ಇಂದಿಗೂ ಅವೆನ್ಯೂ ರಸ್ತೆಯ ಜನಸಂದಣಿಯ ನಡುವೆ ನಿಂತಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರನ್ನು ಹೊತ್ತಿದೆ. ೧೮೩೭ನೆಯ ಇಸವಿ ಜುಲೈ ತಿಂಗಳಿನಲ್ಲಿ ಮಗ ಲೂಯಿ ಜನಿಸಿದನು. ಮುಂದೆ ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ೧೮೬೦ರಲ್ಲಿ ತಾನು ಹುಟ್ಟಿದ ಊರಿಗೇ ಉಪಾಧ್ಯಾಯನಾಗಿ ಹಿಂದಿರುಗಿದನು.

ಆಗ ಬೆಂಗಳೂರಿನಲ್ಲಿ ಸರ್ಕಾರದ ಹೈಸ್ಕೂಲು ಆರಂಭವಾಗಿ ಎರಡು ವರ್ಷಗಳಷ್ಟೇ ಆಗಿದ್ದವು. ರೈಸರು ಅದರ ಮುಖ್ಯೋಪಾಧ್ಯಾಯರಾದರು. ಆ ಶಾಲೆಯೇ ಮುಂದೆ ಬೆಳೆದು ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧವಾಯಿತು. ೧೮೬೫ರಲ್ಲಿ ಅವರು ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ತನಿಖಾಧಿಕಾರಿಯಾದರು. ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿ, ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರಾಭ್ಯಾಸ ದೊರೆಯುವಂತೆ ಶ್ರಮಿಸಿದರು.

ಶಾಲೆಗಳ ತನಿಖೆಯೆಂದರೆ ಊರೂರು ಸುತ್ತುವ ಕೆಲಸ. ರೈಲುದಾರಿಗಳೂ ಒಳ್ಳೆಯ ರಸ್ತೆಗಳೂ ವಿರಳವಾಗಿದ್ದ ಆ ಕಾಲದಲ್ಲಿ ಕಾಡುಮೇಡುಗಳನ್ನು ದಾಟಿ ಹಳ್ಳಿಯಿಂದ ಹಳ್ಳಿಗೆ ಹೋಗಬೇಕಾಗಿತ್ತು. ಹೀಗೆ ಹೋದಲ್ಲೆಲ್ಲ ರೈಸರ ಕಣ್ಣಿಗೆ ಬಿದ್ದದ್ದು ಅಕ್ಷರ ಕೆತ್ತಿದ ಕಲ್ಲುಗಳು. ಕೆಲವು ಗುಡಿಯ ಅಂಗಳದಲ್ಲಿ ನೆಟ್ಟಗೆ ನಿಂತಿದ್ದವು. ಕೆಲವು ಕೆರೆಯ ಏರಿಯ ಮೇಲೆ ಅರ್ಧ ಹೂತುಹೋಗಿದ್ದವು. ಮತ್ತೆ ಕೆಲವು ಮನೆಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಹಾಸುಗಲ್ಲಾಗಿ, ಕಾಲುವೆಗೆ ಅಡ್ಡಲಾಗಿ ಹಾಕಿದ ಸೇತುವೆಯಾಗಿ ಸವೆಯುತ್ತಿದ್ದವು. ಊರಿನವರನ್ನು ಕೇಳಿದರೆ, ಅದರಲ್ಲಿ ಏನು ಬರೆದಿದೆಯೆಂದು ಹೇಳಬಲ್ಲವರು ಇರಲಿಲ್ಲ. ಹಳೆಯ ಲಿಪಿಯನ್ನು ಓದುವ ಅಭ್ಯಾಸ ಎಂದೋ ತಪ್ಪಿಹೋಗಿತ್ತು. ಕದಂಬರು, ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಆಳಿದ ನಾಡಿನಲ್ಲಿ ಆ ಅರಸರ ಕಾಲವನ್ನು ಖಚಿತವಾಗಿ ತಿಳಿಸುವ ಚರಿತ್ರೆಯ ಪುಸ್ತಕವೊಂದೂ ಇರಲಿಲ್ಲ. ಆ ಚರಿತ್ರೆಯೆಲ್ಲ ಮಳೆಬಿಸಿಲಿಗೆ ಸಿಕ್ಕಿ ಕಲ್ಲುಗಳ ಮೇಲೆ ನಾಶವಾಗುತ್ತಿತ್ತು.

ಅದೇ ಕಾಲಕ್ಕೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಸುಮಾರು ೧೫೦ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಅವುಗಳನ್ನು ಓದಿ ಅರ್ಥ ಹೇಳುವ ಹೊಣೆಯನ್ನು ಸರ್ಕಾರವು ರೈಸರಿಗೆ ವಹಿಸಿತು. ಪಂಡಿತರ ನೆರವಿನಿಂದ ಅವರು ಹಳಗನ್ನಡವನ್ನೂ ಹಳೆಯ ಲಿಪಿಗಳನ್ನೂ ಅಭ್ಯಾಸಮಾಡಿದರು. ೧೮೭೨ರಲ್ಲಿ ಮಡಿಕೇರಿಯ ತಾಮ್ರಶಾಸನವನ್ನು ಪ್ರಕಟಿಸಿದರು. ಆ ತಾಮ್ರಪಟಗಳು ಇದ್ದ ಸ್ಥಳ ಕೊಡಗಿನ ಸರ್ಕಾರಿ ಖಜಾನೆ. ಹಣವನ್ನು ಕಾಯುವ ಕೋಣೆಯಲ್ಲಿ ಗಂಗರ ವಂಶಾವಳಿ ಯಾರೂ ಓದದೆ ಉಳಿದಿತ್ತು. ಡಿಕ್ಸನ್ನನ ಚಿತ್ರಗಳ ಅಧ್ಯಯನವು ಇತರ ಶಾಸನಗಳೊಡನೆ ಸೇರಿ ೧೮೭೯ರಲ್ಲಿ ಗ್ರಂಥರೂಪವಾಗಿ ಹೊರಬಂದಿತು. ಇದರ ನಡುವೆ ಅವರು ಮೈಸೂರು ಮತ್ತು ಕೊಡಗುಗಳ ಗೆಜೆಟಿಯರನ್ನೂ ರಚಿಸಿದರು. ನಾಡಿನ ನೆಲ, ಜಲ, ಬೆಳೆ, ಜನ, ಚರಿತ್ರೆಗಳೆಲ್ಲವನ್ನೂ ಒಳಗೊಂಡ ಆ ಗ್ರಂಥವು ಮುಂದಿನವರಿಗೆಲ್ಲ ಆಧಾರವಾಯಿತು.

೧೮೮೪ರಲ್ಲಿ ಮೈಸೂರು ಸರ್ಕಾರವು ಪ್ರಾಕ್ತನ ಸಂಶೋಧನೆಯ ಕೆಲಸವನ್ನು ರೈಸರಿಗೆ ಒಪ್ಪಿಸಿತು. ಮೊದಲು ಇತರ ಕರ್ತವ್ಯಗಳೊಡನೆ ಅದನ್ನು ನಡೆಸುತ್ತಿದ್ದ ಅವರು, ೧೮೯೦ರಿಂದ ತಮ್ಮ ಪೂರ್ಣಕಾಲವನ್ನೂ ಅದಕ್ಕೇ ಮೀಸಲಿಟ್ಟರು. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಹುಡುಕುವುದೆಂದು ಕ್ರಮವನ್ನು ಹಾಕಿಕೊಂಡರು. ಕಲ್ಲಿನ ಮೇಲಿನ ಮಣ್ಣು, ಪಾಚಿ, ಸುಣ್ಣಗಳನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿದು, ಅಕ್ಷರದ ತಗ್ಗುಗಳೊಳಗೆ ಕಾಗದವು ಇಳಿಯುವಂತೆ ಮಾಡಬೇಕು. ಅನಂತರ ಮಸಿಯನ್ನು ಒತ್ತಿದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಹೀಗೆ ಪಡೆದ ಪಡಿಯಚ್ಚನ್ನು ಕಚೇರಿಗೆ ತಂದು, ಸವೆದ ಅಕ್ಷರಗಳನ್ನು ಊಹಿಸಿ, ಶಕವರ್ಷ ಸಂವತ್ಸರಗಳನ್ನು ಲೆಕ್ಕಹಾಕಿ, ಪಾಠವನ್ನು ನಿರ್ಧರಿಸಬೇಕು. ತಾಳ್ಮೆಯಿಲ್ಲದವರಿಗೆ ಇದು ಸಾಧ್ಯವಾಗುವ ಕೆಲಸವಲ್ಲ.

ಅಡಚಣೆಗಳು ಕಲ್ಲಿನಲ್ಲಿ ಮಾತ್ರ ಇರಲಿಲ್ಲ, ಜನರ ಮನಸ್ಸಿನಲ್ಲಿಯೂ ಇದ್ದವು. ಶಾಸನದ ಬಳಿ ಪರಊರಿನವರು ಸುಳಿದಾಡಿದರೆ ನಿಧಿಗಾಗಿ ಬಂದಿದ್ದಾರೆಂಬ ಶಂಕೆ ಹುಟ್ಟುತ್ತಿತ್ತು. ಮನೆಯಲ್ಲಿ ತಾಮ್ರಶಾಸನ ಇದ್ದವರು ಅದನ್ನು ತೋರಿಸಿದರೆ ಎಲ್ಲಿ ಇನಾಮು ಭೂಮಿ ಕೈತಪ್ಪುವುದೋ ಎಂದು ಅಂಜುತ್ತಿದ್ದರು. ಇಂಥ ಅಂಜಿಕೆಗಳನ್ನು ಅಧಿಕಾರದ ದರ್ಪದಿಂದ ನೀಗಿಸಲಾಗದು. ಶಾಲೆಗಳ ತನಿಖೆಗಾಗಿ ಸುತ್ತಿದ ವರ್ಷಗಳಲ್ಲಿ ಗಳಿಸಿದ್ದ ನಾಡಿನ ಪರಿಚಯವೂ ಕನ್ನಡದ ಬಳಕೆಯೂ ರೈಸರಿಗೆ ಇಲ್ಲಿ ನೆರವಾದವು.

ಹೊನ್ನುಬೆಳ್ಳಿಯ ನಿಧಿಯೂ ಆ ದಿನಗಳಲ್ಲಿ ದೊರೆಯದೆ ಇರಲಿಲ್ಲ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುದಾರಿಯ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ೧೬೩ ಬೆಳ್ಳಿಯ ನಾಣ್ಯಗಳು ಹೊರಬಿದ್ದವು. ಅವು ಈ ದೇಶದವಲ್ಲ. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದ ರೋಮನ್ ಚಕ್ರವರ್ತಿಗಳ ಕಾಲದವು. ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟಿದರೆ ಅದು ದೊಡ್ಡ ಐಶ್ವರ್ಯವೇನೂ ಅಲ್ಲ. ಆದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಈ ನೆಲದ ವ್ಯಾಪಾರವು ಮಧ್ಯಧರಣೀ ಸಮುದ್ರದ ತೀರದವರೆಗೂ ಸಂಬಂಧವನ್ನು ಹೊಂದಿತ್ತೆಂಬುದಕ್ಕೆ ಆ ನಾಣ್ಯಗಳು ಸಾಕ್ಷಿಯಾದವು. ಅವು ಅಕ್ಕಸಾಲಿಗನ ಕುಲುಮೆಯಲ್ಲಿ ಕರಗಿಹೋಗಿದ್ದರೆ ಆ ಸಾಕ್ಷಿಯೂ ಕರಗುತ್ತಿತ್ತು.

ಮರುವರ್ಷವೇ, ೧೮೯೨ರಲ್ಲಿ, ರೈಸರ ಬಾಳಿನ ಮಹತ್ತರವಾದ ಶೋಧನೆ ನಡೆಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಕಂಡುಬಂದವು. ಬ್ರಹ್ಮಗಿರಿಯ ಬಂಡೆಯನ್ನು ಅಲ್ಲಿನವರು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಅದಕ್ಕೆ ರೋಗವನ್ನು ಗುಣಪಡಿಸುವ ಶಕ್ತಿಯಿದೆಯೆಂದು ನಂಬಿದ್ದರು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರ ಗುಂಡು ಎಂಬ ಹೆಸರು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಅಕ್ಷರಗಳು ಬಹುಮಟ್ಟಿಗೆ ಸವೆದಿದ್ದವು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಧರ್ಮಸಂದೇಶದ ಮೇಲೆ ಬಳೆಯ ಮಲಾರಗಳು ಇಳಿಯುತ್ತಿದ್ದವು. ಅಶೋಕನ ಆಳ್ವಿಕೆ ಕನ್ನಡ ನಾಡಿನವರೆಗೂ ಹಬ್ಬಿತ್ತೆಂಬ ಸಂಗತಿ ಈ ಶೋಧನೆಯಿಂದ ಸ್ಥಿರಪಟ್ಟಿತು. ಭಾರತದ ಚರಿತ್ರೆಯ ಭೂಪಟವನ್ನೇ ವಿದ್ವಾಂಸರು ತಿದ್ದಬೇಕಾಯಿತು. ೧೯೧೫ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ ಬೆಳಕಿಗೆ ಬಂದಿತು. ಅದನ್ನು ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಎಂಬುದು ಗಮನಾರ್ಹ. ಚಿನ್ನದ ಕೆಲಸಕ್ಕೆ ಬಂದವನಿಗೆ ಚಕ್ರವರ್ತಿಯ ಹೆಸರೇ ದೊರಕಿತು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ರೈಸರು ಕಂಡ ಸ್ತಂಭಶಾಸನವು ಕದಂಬರ ಮೂಲವನ್ನು ತಿಳಿಸಿತು. ವಿದ್ಯಾರ್ಥಿಯಾಗಿ ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಿತನಾಗಿ, ಶಾಸ್ತ್ರವನ್ನು ಬಿಟ್ಟು ಶಸ್ತ್ರವನ್ನು ಹಿಡಿದು, ರಾಜ್ಯವನ್ನು ಕಟ್ಟಿದ ವೃತ್ತಾಂತ ನಮಗೆ ತಿಳಿದಿರುವುದು ಆ ಕಲ್ಲಿನಿಂದಲೇ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಸ್ಮರಣೆಗಾಗಿ ಹತ್ತನೆಯ ಶತಮಾನದಲ್ಲಿ ನಿಂತದ್ದು. ರೈಸರ ಸಂಪುಟದಲ್ಲಿ ಸೇರಿರುವ ಆ ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅರಸರ ದಿಗ್ವಿಜಯಗಳೊಂದಿಗೆ ಊರು ಕಾದು ಮಡಿದ ಬಂಟರು, ಕೆರೆ ಕಟ್ಟಿಸಿದ ಗೌಡರು, ದಾನವಿತ್ತ ಹೆಂಗಸರು ಮೊದಲಾದ ಸಾಮಾನ್ಯರ ಹೆಸರುಗಳೂ ಈ ಸಂಗ್ರಹದಲ್ಲಿ ಉಳಿದುಬಂದವು.

ಹೀಗೆ ಕೂಡಿದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನಲ್ಲಿ ೧೮೮೬ರಿಂದ ೧೯೦೫ರವರೆಗೆ ಹನ್ನೆರಡು ಸಂಪುಟಗಳಾಗಿ ಪ್ರಕಟವಾದವು. ಒಟ್ಟು ಶಾಸನಗಳ ಸಂಖ್ಯೆ ಒಂಬತ್ತು ಸಾವಿರದ ಸಮೀಪಕ್ಕೆ ಮುಟ್ಟುತ್ತದೆ. ಒಂದೇ ಸಂಸ್ಥಾನದಲ್ಲಿ, ಒಬ್ಬರ ನೇತೃತ್ವದಲ್ಲಿ ಇಷ್ಟು ಶಾಸನಗಳು ಬೆಳಕು ಕಂಡದ್ದು ವಿದ್ವಲ್ಲೋಕಕ್ಕೇ ಅಚ್ಚರಿಯಾಯಿತು. ರೈಸರು ಕನ್ನಡ ಸಾಹಿತ್ಯವನ್ನೂ ಮರೆಯಲಿಲ್ಲ. ತಾಳೆಗರಿಗಳಲ್ಲಿ ಅಡಗಿದ್ದ ಕರ್ಣಾಟಕ ಭಾಷಾಭೂಷಣವನ್ನು ೧೮೮೪ರಲ್ಲಿಯೂ, ಭಟ್ಟಾಕಳಂಕನ ಶಬ್ದಾನುಶಾಸನವನ್ನು ೧೮೯೦ರಲ್ಲಿಯೂ, ಪಂಪನ ಭಾರತವನ್ನು ೧೮೯೮ರಲ್ಲಿಯೂ ಅಚ್ಚುಮಾಡಿಸಿದರು. ಆದಿಕವಿಯ ಕಾವ್ಯವು ಮುದ್ರಣಗೊಂಡು ಓದುಗರ ಕೈಸೇರಿದ್ದು ಹೀಗೆ.

ಇಷ್ಟು ದೊಡ್ಡ ಕೆಲಸದಲ್ಲಿ ದೋಷಗಳು ಇರಲಿಲ್ಲವೆನ್ನಲಾಗದು. ಗಂಗರ ತಾಮ್ರಶಾಸನಗಳ ವಿಷಯದಲ್ಲಿ ರೈಸರಿಗೂ ಫ್ಲೀಟ್ ಎಂಬ ಮಹಾವಿದ್ವಾಂಸರಿಗೂ ದೀರ್ಘವಾದ ವಾದ ನಡೆಯಿತು. ಅವು ಕೂಟಶಾಸನಗಳು, ಅಂದರೆ ಮುಂದಿನ ಕಾಲದವರು ಹುಟ್ಟಿಸಿದ ಸುಳ್ಳು ದಾಖಲೆಗಳು ಎಂಬುದು ಫ್ಲೀಟರ ನಿಲುವು. ಗಂಗರ ಪ್ರಾಚೀನತೆಯನ್ನು ರೈಸರು ಬಿಟ್ಟುಕೊಡಲಿಲ್ಲ. ಆ ಪಟಗಳಲ್ಲಿ ಹಲವು ನಿಜವಾಗಿಯೂ ಕೂಟವೆಂದು ಮುಂದಿನ ವಿದ್ವಾಂಸರು ಒಪ್ಪಿದ್ದಾರೆ. ಗಂಗವಂಶದ ಪ್ರಾಚೀನತೆಯನ್ನೂ ಒಪ್ಪಿದ್ದಾರೆ. ರೈಸರ ಪಾಠಗಳನ್ನು ಮುಂದಿನವರು ಅನೇಕ ಕಡೆ ತಿದ್ದಿದ್ದಾರೆ. ಆದರೆ ತಿದ್ದುವುದಕ್ಕೆ ಪಾಠವೊಂದು ಇರಬೇಕಷ್ಟೆ. ಅದನ್ನು ಉಳಿಸಿಕೊಟ್ಟವರು ಅವರು.

೧೯೦೬ರಲ್ಲಿ ರೈಸರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಅಲ್ಲಿಯೂ ಸುಮ್ಮನಿರದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ೧೯೦೯ರಲ್ಲಿ ಪ್ರಕಟಿಸಿದರು. ೧೯೨೭ನೆಯ ಜುಲೈ ತಿಂಗಳಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಹ್ಯಾರೋ ಎಂಬ ಊರಿನಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಆ ಕೆಲಸವನ್ನು ಇನ್ನೂ ಆಳವಾಗಿ ನಡೆಸಿದರು. ಶ್ರವಣಬೆಳಗೊಳದಲ್ಲಿ ರೈಸರು ೧೪೪ ಶಾಸನಗಳನ್ನು ಪ್ರಕಟಿಸಿದ್ದರೆ, ೧೯೨೩ರ ಪರಿಷ್ಕೃತ ಸಂಪುಟದಲ್ಲಿ ಅವು ೫೦೦ ಆದವು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗವೊಂದರ ಉಲ್ಲೇಖವಿರುವುದನ್ನು ಕಂಡವರೂ ಅವರೇ. ಕ್ರಿ. ಶ. ಸುಮಾರು ೮೯೦ರ ಆ ಕಲ್ಲು, ಕೆಂಪೇಗೌಡನು ೧೫೩೭ರಲ್ಲಿ ಪೇಟೆಯನ್ನು ಕಟ್ಟುವುದಕ್ಕೆ ಆರು ಶತಮಾನಗಳಿಗೂ ಮೊದಲೇ ಬೆಂಗಳೂರೆಂಬ ಹೆಸರು ಇತ್ತೆಂಬುದನ್ನು ಸಾರುತ್ತದೆ.

ರೈಸರು ಶಾಸನಗಳಿಗಾಗಿ ಸುತ್ತಿದ ಬೆಂಗಳೂರು ಇಂದು ಗುರುತು ಸಿಗದಷ್ಟು ಬದಲಾಗಿದೆ. ಅವರ ಸೇವೆಯ ಕೊನೆಯ ವರ್ಷಗಳಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಹೊಸ ಬಡಾವಣೆಗಳಾಗಿ ಆಗತಾನೇ ತಲೆಯೆತ್ತುತ್ತಿದ್ದವು. ಅನಂತರ ಸುತ್ತಲಿನ ಹಳ್ಳಿಗಳು ಒಂದೊಂದಾಗಿ ನಗರದೊಳಗೆ ಸೇರಿದವು. ಹೊಲಗಳಲ್ಲಿ ನಿಂತಿದ್ದ ಕಲ್ಲುಗಳು ರಸ್ತೆಯ ಅಡಿಗೆ ಹೋದವು, ಕಟ್ಟಡಗಳ ಅಡಿಪಾಯವನ್ನು ಸೇರಿದವು. ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ದಾಖಲಾದ ಎಷ್ಟೋ ಶಾಸನಗಳು ಇಂದು ಸ್ಥಳದಲ್ಲಿ ಕಾಣಸಿಗುವುದಿಲ್ಲ. ಅವುಗಳ ಪಾಠ ಮಾತ್ರ ಪುಸ್ತಕದಲ್ಲಿ ಉಳಿದಿದೆ. ರೈಸರ ಗಡಿಬಿಡಿಗೆ ಕಾರಣವೇನೆಂಬುದು ಈಗ ನಮಗೆ ಅರ್ಥವಾಗುತ್ತದೆ.

ಆದರೂ ನೆಲದ ಭಂಡಾರ ಬರಿದಾಗಿಲ್ಲ. ೧೯೯೭ರಲ್ಲಿ ಮಲ್ಲೇಶ್ವರದ ಕಾಡುಮಲ್ಲಿಕಾರ್ಜುನ ದೇವಾಲಯದ ಎದುರಿನ ನಿವೇಶನದಲ್ಲಿ ಮಣ್ಣನ್ನು ತೆಗೆಸಿದಾಗ, ಹೂತುಹೋಗಿದ್ದ ನಂದಿಯೂ ಕಲ್ಯಾಣಿಯೂ ಹೊರಬಂದವು. ೨೦೧೮ರಲ್ಲಿ ಹೆಬ್ಬಾಳದಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ೭೫೦ರ, ಕಿಟ್ಟಯ್ಯನೆಂಬ ವೀರನ ಕಲ್ಲು ದೊರೆಯಿತು. ರೈಸರ ಕಣ್ಣಿಗೂ ಬೀಳದೆ ಉಳಿದಿದ್ದ ಆ ಕಲ್ಲು, ನಗರದಲ್ಲಿ ದೊರೆತ ಕನ್ನಡ ಶಾಸನಗಳಲ್ಲಿ ಅತಿ ಪ್ರಾಚೀನವೆಂದು ಗಣಿತವಾಗಿದೆ. ಅಲ್ಲಿನ ನಿವಾಸಿಗಳೂ ಶಾಸನಾಸಕ್ತರೂ ಕೂಡಿ ಅದನ್ನು ಸಂರಕ್ಷಿಸಿದರು.

ನೆಲವನ್ನು ಅಗೆಯುವ ಕೆಲಸ ನಗರದಲ್ಲಿ ಎಂದಿಗೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ಹಾರೆಗೆ ತಗುಲಿದ ಕಲ್ಲಿನ ಮೇಲೆ ಒಂದು ಅಕ್ಷರ ಕಂಡರೂ ಕೈ ತಡೆದು, ಮಣ್ಣನ್ನು ಒರೆಸಿ, ತಿಳಿದವರಿಗೆ ಸುದ್ದಿ ಮುಟ್ಟಿಸುವುದು ನಮ್ಮೆಲ್ಲರ ಕರ್ತವ್ಯ. ಬೆಂಗಳೂರಿನಲ್ಲಿ ಹುಟ್ಟಿ, ಕನ್ನಡ ನಾಡಿನ ಹಳ್ಳಿಹಳ್ಳಿಯನ್ನು ಸುತ್ತಿ, ದೂರದೇಶದಲ್ಲಿ ಕಣ್ಮುಚ್ಚಿದ ಆ ಹಿರಿಯರು ತಮ್ಮ ಬಾಳನ್ನೆಲ್ಲ ಸವೆಸಿ ನಮಗೆ ಕಲಿಸಿದ ಪಾಠ ಇದು.