ಫ್ರೀಡ್ರಿಕ್ ಫಾನ್ ಎಸ್ಮಾರ್ಕ್

ಫ್ರೀಡ್ರಿಕ್ ಫಾನ್ ಎಸ್ಮಾರ್ಕ್ (ಜನವರಿ 9, 1823 – ಫೆಬ್ರವರಿ 23, 1908) ಜರ್ಮನಿಯ ಪ್ರಖ್ಯಾತ ಶಸ್ತ್ರವೈದ್ಯರು. ಯುದ್ಧಭೂಮಿಯ ಪ್ರಥಮ ಚಿಕಿತ್ಸೆಗೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಇವರು ಪ್ರಮುಖರು. ಗಾಯಾಳುವಿನ ಅಳಿವು ಉಳಿವು ಮೊದಲು ಕಟ್ಟುವ ಪಟ್ಟಿಯನ್ನು ಅವಲಂಬಿಸಿದೆ, ಆದ್ದರಿಂದ ಆ ಪಟ್ಟಿ ವೈದ್ಯರ ಪೆಟ್ಟಿಗೆಯಲ್ಲಿ ಮಾತ್ರವಲ್ಲದೆ ಪ್ರತಿಯೊಬ್ಬ ಯೋಧನ ಬಳಿಯೂ ಇರಬೇಕು ಎಂಬುದು ಇವರ ನಿಲುವಾಗಿತ್ತು.

ಜನನ ಮತ್ತು ವಿದ್ಯಾಭ್ಯಾಸ

ಎಸ್ಮಾರ್ಕ್ ಜನಿಸಿದ್ದು ಶ್ಲೆಸ್ವಿಗ್ ಪ್ರಾಂತ್ಯದ ಟೋನಿಂಗ್ ಎಂಬ ಊರಿನಲ್ಲಿ. ತಂದೆಯೂ ವೈದ್ಯರಾಗಿದ್ದರು. ಕೀಲ್ ಮತ್ತು ಗೋಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1846ರಲ್ಲಿ ಕೀಲ್‌ನ ಶಸ್ತ್ರಚಿಕಿತ್ಸಾಲಯದಲ್ಲಿ ಲಾಂಗೆನ್‌ಬೆಕ್ ಅವರ ಸಹಾಯಕರಾಗಿ ಸೇರಿದರು.

ಯುದ್ಧಭೂಮಿಯ ಅನುಭವ

1848ರಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಜನರು ಡೆನ್ಮಾರ್ಕಿನ ವಿರುದ್ಧ ಯುದ್ಧಕ್ಕಿಳಿದಾಗ ಎಸ್ಮಾರ್ಕ್ ಕಿರಿಯ ಶಸ್ತ್ರವೈದ್ಯರಾಗಿ ಸೇನೆಯನ್ನು ಸೇರಿದರು. ಶತ್ರುಗಳಿಗೆ ಸೆರೆಸಿಕ್ಕು, ಕೈದಿಗಳ ವಿನಿಮಯದಲ್ಲಿ ಬಿಡುಗಡೆ ಹೊಂದಿ, ಮತ್ತೆ ರಣರಂಗದ ಆಸ್ಪತ್ರೆಗೆ ಮರಳಿದರು. ಈ ಅನುಭವವೇ ಅವರನ್ನು ಸೈನಿಕ ಶಸ್ತ್ರಚಿಕಿತ್ಸೆಯತ್ತ ಸೆಳೆಯಿತು. 1857ರಲ್ಲಿ ಕೀಲ್‌ನಲ್ಲಿ ಪ್ರಾಧ್ಯಾಪಕರಾದರು. 1864, 1866 ಮತ್ತು 1870ರ ಯುದ್ಧಗಳಲ್ಲಿಯೂ ಗಾಯಾಳುಗಳ ಸೇವೆ ಸಲ್ಲಿಸಿದರು.

ಯೋಧನ ಚೀಲದಲ್ಲಿ ಪಟ್ಟಿ

ಬಿದ್ದ ಯೋಧನ ಬಳಿಗೆ ವೈದ್ಯರು ತಲುಪಲು ಗಂಟೆಗಳೇ ಬೇಕಾಗುತ್ತಿದ್ದವು. ದೊಡ್ಡ ರಕ್ತನಾಳ ಹರಿದರೆ ಪ್ರಾಣ ಹೋಗಲು ಕೆಲವೇ ನಿಮಿಷಗಳು ಸಾಕು. ಈ ಅಂತರವನ್ನು ತುಂಬುವ ಬಗೆಯನ್ನು ಎಸ್ಮಾರ್ಕ್ 1869ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ವಿವರಿಸಿದರು. ಪ್ರತಿಯೊಬ್ಬ ಯೋಧನೂ ತನ್ನ ಗಾಯಕ್ಕೆ ಬೇಕಾಗುವ ಪಟ್ಟಿಯ ಪೊಟ್ಟಣವನ್ನು ತಾನೇ ಒಯ್ಯಬೇಕೆಂಬುದು ಅವರ ಸಲಹೆ. ಅದರಲ್ಲಿ ಮುಖ್ಯವಾದುದು ತ್ರಿಕೋನಾಕಾರದ ಬಟ್ಟೆ. ಈ ಬಟ್ಟೆ ಮೊದಲೇ ಬಳಕೆಯಲ್ಲಿತ್ತು. ತಲೆ, ತೋಳು, ಮೊಣಕಾಲುಗಳಿಗೆ ಅದನ್ನು ಕಟ್ಟುವ ಕ್ರಮವನ್ನು ಆ ಬಟ್ಟೆಯ ಮೇಲೆಯೇ ಚಿತ್ರಗಳಾಗಿ ಮುದ್ರಿಸಿದ್ದು ಎಸ್ಮಾರ್ಕ್ ಅವರ ಜಾಣ್ಮೆ. ಹೀಗಾಗಿ ಓದುಬರಹ ಬಾರದ ಯೋಧನೂ ಗಾಬರಿಯ ಗಳಿಗೆಯಲ್ಲಿ ಚಿತ್ರವನ್ನು ನೋಡಿ ಪಟ್ಟಿ ಕಟ್ಟಬಹುದಾಗಿತ್ತು.

ರಕ್ತರಹಿತ ಶಸ್ತ್ರಚಿಕಿತ್ಸೆ

1873ರಲ್ಲಿ ಅವರು ರಕ್ತನಷ್ಟವಿಲ್ಲದೆ ಕೈಕಾಲುಗಳ ಶಸ್ತ್ರಚಿಕಿತ್ಸೆ ಮಾಡುವ ವಿಧಾನವನ್ನು ಮಂಡಿಸಿದರು. ಬೆರಳುಗಳಿಂದ ಆರಂಭಿಸಿ ಮೇಲ್ಮುಖವಾಗಿ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ರಕ್ತವು ದೇಹದ ಕಡೆಗೆ ಸರಿಯುತ್ತದೆ. ಬಳಿಕ ಮೇಲ್ಭಾಗದಲ್ಲಿ ರಬ್ಬರ್ ಕೊಳವೆಯಿಂದ ಬಿಗಿದು ಕೆಳಗಿನ ಪಟ್ಟಿಯನ್ನು ಬಿಚ್ಚಲಾಗುತ್ತದೆ. ಈ ಪಟ್ಟಿಗೆ ಇಂದಿಗೂ ಅವರದೇ ಹೆಸರಿದೆ. ಬಿಗಿತವು ಅತಿಯಾದರೆ ಅಥವಾ ದೀರ್ಘಕಾಲ ಮುಂದುವರಿದರೆ ನರಗಳು ಸ್ವಾಧೀನ ತಪ್ಪುವ, ಅಂಗವೇ ಕೊಳೆಯುವ ಅಪಾಯವುಂಟು. ಆದುದರಿಂದ ಪಟ್ಟಿಯನ್ನು ಕೊಟ್ಟರಷ್ಟೇ ಸಾಲದು, ಬಳಕೆಯ ಶಿಕ್ಷಣವೂ ಜೊತೆಗಿರಬೇಕಾಗುತ್ತದೆ.

ಜನಸಾಮಾನ್ಯರಿಗೆ ಶಿಕ್ಷಣ

ಇಂಗ್ಲೆಂಡಿನ ಸೇಂಟ್ ಜಾನ್ ಆಂಬುಲೆನ್ಸ್ ತರಗತಿಗಳಿಂದ ಪ್ರೇರಿತರಾದ ಎಸ್ಮಾರ್ಕ್, 1882ರಲ್ಲಿ ಕೀಲ್‌ನಲ್ಲಿ ಸಮಾರಿಟನ್ ಸಂಘವನ್ನು ಸ್ಥಾಪಿಸಿ ಜನಸಾಮಾನ್ಯರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸತೊಡಗಿದರು. ಇದರಿಂದ ಅರೆಬರೆ ವೈದ್ಯರು ಹೆಚ್ಚುವರೆಂದು ಕೆಲವು ವೈದ್ಯರು ವಿರೋಧಿಸಿದರು. ಎಸ್ಮಾರ್ಕ್ ಹಿಂಜರಿಯಲಿಲ್ಲ. ಅವರು ಕಲಿಸುತ್ತಿದ್ದುದು ರೋಗ ಗುಣಪಡಿಸುವ ವಿದ್ಯೆಯನ್ನಲ್ಲ, ವೈದ್ಯರು ಬರುವವರೆಗೆ ಜೀವ ಉಳಿಸುವ ಕ್ರಮವನ್ನು. ಅವರ ಉಪನ್ಯಾಸಗಳನ್ನು ವಿಕ್ಟೋರಿಯಾ ರಾಣಿಯ ಮಗಳಾದ ಹೆಲೆನಾ ಅದೇ ವರ್ಷ ಇಂಗ್ಲಿಷಿಗೆ ಅನುವಾದಿಸಿದರು.

ಕೊನೆಯ ದಿನಗಳು ಮತ್ತು ಪ್ರಭಾವ

ಮೊದಲ ಪತ್ನಿ ಆನ್ನಾ ಶಸ್ತ್ರವೈದ್ಯ ಸ್ಟ್ರೋಮಯರ್ ಅವರ ಮಗಳು. 1872ರಲ್ಲಿ ರಾಜಕುಮಾರಿ ಹೆನ್ರಿಯೆಟ್ ಅವರನ್ನು ಎಸ್ಮಾರ್ಕ್ ವಿವಾಹವಾದರು. 1887ರಲ್ಲಿ ಕುಲೀನ ಪದವಿ ದೊರೆಯಿತು. 1908ರಲ್ಲಿ ಕೀಲ್‌ನಲ್ಲಿ ನಿಧನರಾದರು.

ತ್ರಿಕೋನ ಪಟ್ಟಿಯ ಪಾಠವನ್ನು ಇಂದು ಭಾರತದ ಸ್ಕೌಟ್ ಮತ್ತು ಗೈಡ್ ಮಕ್ಕಳೂ ಕಲಿಯುತ್ತಾರೆ. ಸೈನಿಕರು ಮತ್ತು ಗಣ್ಯರ ಅಂಗರಕ್ಷಕರು ಒಯ್ಯುವ ತುರ್ತು ಚಿಕಿತ್ಸಾ ಚೀಲಗಳಲ್ಲಿ ರಕ್ತಸ್ರಾವ ತಡೆಯುವ ಬಿಗಿಪಟ್ಟಿಗೆ ಮೊದಲ ಸ್ಥಾನವಿದೆ. ಅದನ್ನು ಥಟ್ಟನೆ ಕೈಗೆ ಸಿಗುವಂತೆ ಹೊರಭಾಗದಲ್ಲಿಡುವುದು ರೂಢಿ. ಪಟ್ಟಿಗಳ ರೂಪ ಬದಲಾಗಿದ್ದರೂ, ನೆರವು ಗಾಯಾಳುವಿನ ಬಳಿಯಲ್ಲಿಯೇ ಇರಬೇಕೆಂಬ ಎಸ್ಮಾರ್ಕ್ ಅವರ ತತ್ತ್ವ ಬದಲಾಗಿಲ್ಲ.