ಮುದುಡಿದ ಬೆರಳುಗಳನ್ನು ಬಿಡಿಸಿದ ಡಾ. ಪಾಲ್ ಬ್ರಾಂಡ್

ಕುಷ್ಠರೋಗದಿಂದ ಮುದುಡಿದ ಕೈ ಬಲವನ್ನೆಲ್ಲ ಕಳೆದುಕೊಂಡ ಕೈ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಅದು ಬಲಹೀನತೆಯಲ್ಲ, ಬಲದ ಅಸಮತೋಲನ ಎಂಬುದನ್ನು ಶಸ್ತ್ರಚಿಕಿತ್ಸೆಯ ಮೂಲಕ ತೋರಿಸಿಕೊಟ್ಟವರು ಡಾ. ಪಾಲ್ ಬ್ರಾಂಡ್.

1914ರ ಜುಲೈ 17ರಂದು ಇಂದಿನ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಬ್ರಿಟಿಷ್ ಮಿಷನರಿ ದಂಪತಿಯ ಮಗನಾಗಿ ಜನಿಸಿದ ಬ್ರಾಂಡ್, ಒಂಬತ್ತರ ಹರೆಯದಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಮೊದಲು ಮರಗೆಲಸ, ಕಟ್ಟಡ ನಿರ್ಮಾಣ ಕಲಿತು ನಂತರ ಲಂಡನ್ನಿನಲ್ಲಿ ವೈದ್ಯರಾದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು.

ಮರುವರ್ಷ ಕುಷ್ಠರೋಗ ತಜ್ಞ ರಾಬರ್ಟ್ ಕಾಕ್ರೇನ್ ಅವರನ್ನು ಚೆಂಗಲ್ಪಟ್ಟಿನ ಚಿಕಿತ್ಸಾಲಯಕ್ಕೆ ಕರೆದೊಯ್ದರು. ಅಲ್ಲಿ ರೋಗಿಯೊಬ್ಬನ ಮುದುಡಿದ ಕೈಗೆ ತಮ್ಮ ಕೈ ಕೊಟ್ಟು, ಅದುಮುವಂತೆ ಬ್ರಾಂಡ್ ಸೂಚಿಸಿದರು. ನೋವಿನಿಂದ ಅವರೇ ಕೈ ಬಿಡಿಸಿಕೊಳ್ಳಬೇಕಾಯಿತು. ಮುಂದೋಳಿನ ಸ್ನಾಯುಗಳು ಆರೋಗ್ಯವಾಗಿಯೇ ಇದ್ದವು.

ಬೆರಳನ್ನು ಮಡಿಸುವ ಹಾಗೂ ಬಿಡಿಸುವ ದೊಡ್ಡ ಸ್ನಾಯುಗಳಿರುವುದು ಮುಂದೋಳಿನಲ್ಲಿ. ಇವುಗಳ ಎಳೆತವನ್ನು ಸರಿದೂಗಿಸುವುದು ಅಂಗೈಯೊಳಗಿನ ಪುಟ್ಟ ಸ್ನಾಯುಗಳು. ರೋಗವು ಮೊಣಕೈ ಬಳಿಯ ನರವನ್ನು ಹಾಳುಗೆಡವಿದಾಗ ಈ ಪುಟ್ಟ ಸ್ನಾಯುಗಳು ನಿಶ್ಚೇಷ್ಟಿತವಾಗುತ್ತವೆ. ಆಗ ಬೆರಳಿನ ಬುಡ ಹಿಂದಕ್ಕೆ ಸೆಳೆಯಲ್ಪಟ್ಟು, ತುದಿ ಒಳಕ್ಕೆ ಸುರುಳಿಯಾಗುತ್ತದೆ.

ಪ್ರತಿ ಬೆರಳನ್ನು ಮಡಿಸಲು ಎರಡು ಸ್ನಾಯುರಜ್ಜುಗಳಿವೆ. ಅವುಗಳಲ್ಲೊಂದನ್ನು ಬೇರೆ ದಾರಿಯಲ್ಲಿ ಜೋಡಿಸಿ ಬ್ರಾಂಡ್ ಬೆರಳುಗಳನ್ನು ನೆಟ್ಟಗೆ ಮಾಡಿದರು. ಆದರೆ ಕೆಲವು ಕೈಗಳಲ್ಲಿ ಎಳೆತ ಅತಿಯಾಗಿ ಬೆರಳು ವಿರುದ್ಧ ದಿಕ್ಕಿಗೆ ಬಾಗಿತು. ಹೀಗಾಗಿ ಮುಂದೆ ಮಣಿಕಟ್ಟನ್ನು ಎತ್ತುವ ಸ್ನಾಯುವನ್ನು ಬಳಸುವ ವಿಧಾನ ರೂಪಿಸಿದರು.

ಕೈ ಸರಿಯಾದರೂ ಬದುಕು ಸರಿಯಾಗಲಿಲ್ಲ. ಬೆರಳು ನೆಟ್ಟಗಾದವರಿಗೆ ಭಿಕ್ಷೆ ಹುಟ್ಟದಾಯಿತು, ಕೆಲಸ ಕೊಡುವವರೂ ಇರಲಿಲ್ಲ. ಅವರಿಗಾಗಿ ವೆಲ್ಲೂರಿನಲ್ಲಿ ನವಜೀವನ ನಿಲಯ ಆರಂಭವಾಯಿತು. ತಾವು ಕಲಿತಿದ್ದ ಮರಗೆಲಸವನ್ನು ಬ್ರಾಂಡ್ ಅಲ್ಲಿ ಕಲಿಸಿದರು. ಸ್ಪರ್ಶಜ್ಞಾನವಿಲ್ಲದ ಕೈ ಬಲದ ಮಿತಿ ಅರಿಯದೆ ತನಗೆ ತಾನೇ ಗಾಯ ಮಾಡಿಕೊಳ್ಳುತ್ತದೆ, ಬೆರಳುಗಳ ನಾಶಕ್ಕೆ ಇದೇ ಮುಖ್ಯ ಕಾರಣ ಎಂಬುದನ್ನು ಅವರು ಕಂಡುಕೊಂಡರು.

1960ರಲ್ಲಿ ಲಾಸ್ಕರ್ ಪ್ರಶಸ್ತಿ ಅವರಿಗೆ ಸಂದಿತು. 1966ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ತೆರಳಿದರು. ಮುಂದೋಳು ಮತ್ತು ಕೈಯ ಒಟ್ಟು ಬಲದಲ್ಲಿ ಒಂದೊಂದು ಸ್ನಾಯುವಿನ ಪಾಲೆಷ್ಟು ಎಂಬುದನ್ನು ಸಹೋದ್ಯೋಗಿಗಳೊಂದಿಗೆ ಲೆಕ್ಕಹಾಕಿ 1981ರಲ್ಲಿ ಪ್ರಕಟಿಸಿದರು. ಬೆರಳು ಮಡಿಸುವ ಸ್ನಾಯುಗಳ ಬಲ ಬಿಡಿಸುವ ಸ್ನಾಯುಗಳಿಗಿಂತ ಬಹಳ ಹೆಚ್ಚೆಂಬುದಕ್ಕೆ ಅಲ್ಲಿ ಅಂಕಿಗಳ ಆಧಾರ ದೊರೆಯಿತು. ಯಾವ ಸ್ನಾಯುವನ್ನು ಎಲ್ಲಿಗೆ ಜೋಡಿಸಿದರೆ ಸಮತೋಲನ ಉಳಿಯುತ್ತದೆ ಎಂಬುದನ್ನು ಶಸ್ತ್ರವೈದ್ಯರು ಅಂದಾಜಿನ ಬದಲು ಅಳತೆಯಿಂದ ನಿರ್ಧರಿಸಲು ಇದು ನೆರವಾಯಿತು.

2003ರ ಜುಲೈ 8ರಂದು ಬ್ರಾಂಡ್ ನಿಧನರಾದರು. ಕುಷ್ಠರೋಗಕ್ಕೆ ಇಂದು ಪೂರ್ಣ ಗುಣಪಡಿಸುವ ಔಷಧವಿದೆ. ಆದರೆ ತಡವಾಗಿ ಚಿಕಿತ್ಸೆಗೆ ಬಂದವರ ಮುದುಡಿದ ಕೈಯನ್ನು ಔಷಧವೊಂದೇ ಬಿಡಿಸಲಾರದು. ಅವರ ಪಾಲಿಗೆ ವೆಲ್ಲೂರಿನಲ್ಲಿ ಬ್ರಾಂಡ್ ತೋರಿದ ದಾರಿಯೇ ಇಂದಿಗೂ ಆಸರೆ.