ಕರ್ನಲ್ ಸರ್ ರಾಮನಾಥ ಚೋಪ್ರಾ: ಅಫೀಮು ವ್ಯಸನದ ಅಧ್ಯಯನ ಹಾಗೂ ಔಷಧ ಕಾನೂನು

ಮಲ್ಲತ್ತಹಳ್ಳಿಯೂ ಸೇರಿದಂತೆ ರಾಜ್ಯದ ಎಲ್ಲ ಔಷಧ ಅಂಗಡಿಗಳು ಪರವಾನಗಿ ಪಡೆದು ವ್ಯವಹರಿಸತಕ್ಕದ್ದು. ಈ ವ್ಯವಸ್ಥೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಭಾರತೀಯ ಔಷಧ ವಿಜ್ಞಾನದ ಪಿತಾಮಹರೆಂದು ಗೌರವಿಸಲಾಗುವ ಕರ್ನಲ್ ಸರ್ ರಾಮನಾಥ ಚೋಪ್ರಾ ಅವರು.

1882ರಲ್ಲಿ ಅಂದಿನ ಪಂಜಾಬಿನ ಗುಜ್ರನ್‌ವಾಲಾದಲ್ಲಿ ಜನಿಸಿದ ಚೋಪ್ರಾ ಅವರು ಲಾಹೋರಿನಲ್ಲಿಯೂ ನಂತರ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೂ ಅಧ್ಯಯನ ಮಾಡಿ, ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿದರು. 1921ರಲ್ಲಿ ಕಲ್ಕತ್ತಾದ ಉಷ್ಣವಲಯ ವೈದ್ಯಶಾಸ್ತ್ರ ಶಾಲೆಯಲ್ಲಿ ಔಷಧ ವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು.

ಅಂದು ಅಫೀಮು ಸೇವನೆಯು ದೇಶದಲ್ಲಿ ವ್ಯಾಪಕವಾಗಿತ್ತು. ಅನೇಕರು ಅದನ್ನು ನೋವು, ಕೆಮ್ಮು, ಭೇದಿ ಹಾಗೂ ದುಡಿಮೆಯ ಆಯಾಸಕ್ಕೆ ಮದ್ದೆಂದು ಆರಂಭಿಸಿ, ಬಿಡಲಾಗದ ಸ್ಥಿತಿಯನ್ನು ತಲುಪುತ್ತಿದ್ದರು. ಕೂಲಿಗೆ ಹೋಗುವ ತಾಯಂದಿರು ಹಸುಗೂಸುಗಳನ್ನು ಮಲಗಿಸಲು ಅಫೀಮು ನೀಡುವ ರೂಢಿಯೂ ಇತ್ತು. ಚೋಪ್ರಾ ಅವರು ಇವುಗಳನ್ನು ವೈದ್ಯಕೀಯ ದೃಷ್ಟಿಯಿಂದ ಅಧ್ಯಯನ ಮಾಡಿ ಪ್ರಕಟಿಸಿದರು. ಅಫೀಮು ಬಿಟ್ಟಾಗ ಉಂಟಾಗುವ ಯಾತನೆಯನ್ನು ತಗ್ಗಿಸಲು ಲೆಸಿಥಿನ್ ಮತ್ತು ಗ್ಲೂಕೋಸ್ ಚಿಕಿತ್ಸೆಯನ್ನೂ ಪರೀಕ್ಷಿಸಿದರು. ಆ ವಿಧಾನವು ಇಂದು ಬಳಕೆಯಲ್ಲಿಲ್ಲ.

ಮಾರುಕಟ್ಟೆಯಲ್ಲಿ ಕಲಬೆರಕೆಯ ಹಾಗೂ ಸತ್ವಹೀನ ಔಷಧಗಳು ಹೆಚ್ಚಿದಾಗ, ಸರ್ಕಾರವು 1930ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ರಚಿಸಿತು. 1931ರಲ್ಲಿ ಸಲ್ಲಿಸಲಾದ ವರದಿಯು ದೇಶಕ್ಕೆಲ್ಲ ಒಂದೇ ಕಾನೂನು, ಪರೀಕ್ಷಾ ಪ್ರಯೋಗಾಲಯಗಳು ಹಾಗೂ ಔಷಧ ವಿತರಕರಿಗೆ ಶಿಕ್ಷಣ ಅಗತ್ಯವೆಂದು ಶಿಫಾರಸು ಮಾಡಿತು. ಇದರ ಫಲವಾಗಿ 1940ರ ಔಷಧ ಅಧಿನಿಯಮವೂ 1948ರ ಫಾರ್ಮಸಿ ಅಧಿನಿಯಮವೂ ಜಾರಿಗೆ ಬಂದವು. 1941ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ನಂತರ ಅವರು ಜಮ್ಮು ಮತ್ತು ಕಾಶ್ಮೀರದ ಔಷಧ ಸಂಶೋಧನಾ ಪ್ರಯೋಗಾಲಯವನ್ನು ಮುನ್ನಡೆಸಿದರು. 1973ರಲ್ಲಿ ನಿಧನರಾದರು.

ಚೋಪ್ರಾ ಅವರ ಕಾಲದಲ್ಲಿ ಲಭ್ಯವಿಲ್ಲದಿದ್ದ ಪರಿಣಾಮಕಾರಿ ಔಷಧಗಳು ಇಂದು ಲಭ್ಯವಿವೆ. ಅಫೀಮು ವರ್ಗದ ವ್ಯಸನಕ್ಕೆ ಬುಪ್ರೆನಾರ್ಫಿನ್ ಹಾಗೂ ಮೆಥಡೋನ್ ನೀಡಲಾಗುತ್ತದೆ. ಇವೂ ಅದೇ ವರ್ಗದ ಔಷಧಗಳಾದುದರಿಂದ, ಸರಿಯಾದ ಪ್ರಮಾಣದಲ್ಲಿ ಸೇವಿಸಿದರೆ ಯಾತನೆ ಮತ್ತು ಹಂಬಲವನ್ನು ತಗ್ಗಿಸುತ್ತವೆ. ತಪ್ಪಾಗಿ ಬಳಸಿದರೆ ಉಸಿರಾಟವನ್ನೇ ಕುಂದಿಸಬಲ್ಲವು. ಆದುದರಿಂದ ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು:

- ಚಿಕಿತ್ಸೆಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಆರಂಭಿಸುವುದು. ಬುಪ್ರೆನಾರ್ಫಿನ್ ಮಾತ್ರೆಯನ್ನು ನುಂಗದೆ ನಾಲಿಗೆಯ ಕೆಳಗೆ ಕರಗಿಸಿಕೊಳ್ಳುವುದು.
- ಮದ್ಯ ಅಥವಾ ನಿದ್ರೆ ಮಾತ್ರೆಗಳೊಡನೆ ಸೇವಿಸದಿರುವುದು.
- ವೈದ್ಯರನ್ನು ಕೇಳದೆ ಪ್ರಮಾಣ ಬದಲಿಸದಿರುವುದು, ಹಠಾತ್ತನೆ ನಿಲ್ಲಿಸದಿರುವುದು. ಬಿಟ್ಟ ನಂತರ ಹಿಂದಿನ ಪ್ರಮಾಣದಲ್ಲಿ ಮಾದಕ ವಸ್ತು ಸೇವಿಸಿದರೆ ಪ್ರಾಣಾಪಾಯವುಂಟು.
- ಔಷಧವನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು, ಇತರರಿಗೆ ನೀಡದಿರುವುದು.
- ರೋಗಿಯು ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರಾಟ ನಿಧಾನವಾದರೆ ತಕ್ಷಣ 108ಕ್ಕೆ ಕರೆ ಮಾಡುವುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. ವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆಯಾಗಿದ್ದು, ಬಾಧಿತರು ಹಾಗೂ ಅವರ ಕುಟುಂಬದವರು ಸಂಕೋಚವಿಲ್ಲದೆ ನೆರವು ಪಡೆಯಬೇಕೆಂದು ಕೋರಲಾಗಿದೆ.